ಗಾಜಿನ ಲಿಫ್ಟಿನಲ್ಲಿ ಹದಿನಾಲ್ಕು ಸುತ್ತು

ಹಳೆಯ ಸೋಫಾಗಳಿಗೆ ಮತ್ತೆ ಜೀವ ಕೊಡುವುದು ಅವರ ಕಸುಬು. ನಮ್ಮ ಬೀದಿಯ ತುದಿಯಲ್ಲಿ, ಸೈಕಲ್ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಒಂದು ಉದ್ದನೆಯ ಶೆಡ್ಡು. ಒಳಗೆ ಹೊಟ್ಟೆ ಬಿರಿದ ಸೋಫಾಗಳು, ಕಾಲು ಮುರಿದ ಕುರ್ಚಿಗಳು, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ಕಾಲಿಟ್ಟಲ್ಲೆಲ್ಲ ಫೋಮಿನ ಚೂರು. ಇದರ ನಡುವೆ ತುಟಿಗಳಲ್ಲಿ ನಾಲ್ಕಾರು ಸಣ್ಣ ಮೊಳೆ ಕಚ್ಚಿಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದು, ಮೊಳೆಗಳ ಸಂದಿಯಿಂದಲೇ ಮಾತಾಡುತ್ತ ನಿಂತಿರುವವರೇ ಸ್ಪ್ರಿಂಗಕ್ಕ. ಆ ಹೆಸರು ಅರ್ಧ ಸೋಫಾದೊಳಗಿನ ಸ್ಪ್ರಿಂಗಿನಿಂದ ಬಂದದ್ದು, ಇನ್ನರ್ಧ ಅವರ ಸ್ವಭಾವದಿಂದ. ಐವತ್ತೆರಡು ವರ್ಷವಾದರೂ ಕೂತಲ್ಲಿ ಕೂರುವವರಲ್ಲ. ಊರಿಗೆಲ್ಲ ಕೂರಲು ಅನುಕೂಲ ಮಾಡಿಕೊಟ್ಟವರು ತಾವು ಕೂತದ್ದನ್ನು ಕಂಡವರು ಕಡಿಮೆ.

ಕೆಲಸ ಕಲಿಸಿದ್ದು ಅಪ್ಪ. ಅಪ್ಪನ ಬೆರಳುಗಳು ವಯಸ್ಸಿಗೆ ಸೊಟ್ಟಗಾಗಿ ಸೂಜಿ ಹಿಡಿಯದಾದಾಗ ಮಗಳು ಹಿಡಿದಳು. ಇಪ್ಪತ್ತನಾಲ್ಕರ ಹರೆಯದಲ್ಲಿದ್ದಾಗ ಒಬ್ಬ ಲಿಫ್ಟ್ ಮೆಕ್ಯಾನಿಕ್ಕು ತನ್ನ ಬೈಕಿನ ಸೀಟು ಹರಿದಿದೆ ಅಂತ ಹೊಲಿಸಲು ಬಂದ. ಹದಿನೈದು ದಿನಕ್ಕೆ ಅದೇ ಸೀಟು ಮತ್ತೆ ಹರಿಯಿತು. ತಿಂಗಳಿಗೆ ಇನ್ನೊಮ್ಮೆ. ಮೂರನೆಯ ಸಲ ಸ್ಪ್ರಿಂಗಕ್ಕ ಹರಿದ ಅಂಚನ್ನು ಬೆರಳಿನಿಂದ ಸವರಿ ನೋಡಿದರು: ಬ್ಲೇಡಿನ ಗೀರು, ಗೆರೆ ಎಳೆದಷ್ಟು ನೇರ. ಏನೂ ಹೇಳದೆ ಹೊಲಿದುಕೊಟ್ಟರು. ಆ ವರ್ಷವೇ ಮದುವೆಯಾಯಿತು. ಮಾತಾಡಿದರೆ ಎಲ್ಲಿ ಮುತ್ತು ಉದುರುವುದೋ ಎಂಬಂಥ ಮನುಷ್ಯ ಆತ. ಬೀದಿಯವರು ಲಿಫ್ಟಣ್ಣ ಅನ್ನುತ್ತಾರೆ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ತಲೆಯ ಕೂದಲು ಪೂರ್ತಿ ಹೋಗಿದೆ, ಮಾತು ಪೂರ್ತಿ ಬಂದಿಲ್ಲ.

ಸ್ಪ್ರಿಂಗಕ್ಕನಿಗೆ ಸೊಂಟದುದ್ದದ ಜಡೆಯಿತ್ತು. ಅವರನ್ನು ಹಿಂದಿನಿಂದ ನೋಡಿದರೂ ಗುರುತು ಸಿಗುತ್ತಿದ್ದದ್ದು ಆ ಜಡೆಯಿಂದ. ಒಂದು ಬುಧವಾರ ಬೆಳಿಗ್ಗೆ ಫೋಮು ಅಂಟಿಸುವ ಗೋಂದಿನ ಡಬ್ಬಿ ಕಪಾಟಿನ ಮೇಲಿಂದ ಮಗುಚಿ ಬಿತ್ತು. ಅರ್ಧ ನೆಲಕ್ಕೆ, ಅರ್ಧ ಜಡೆಗೆ, ಉಳಿದದ್ದು ಅಂಗಿಗೆ. ಆ ಗೋಂದು ಹಿಡಿದರೆ ಮರವೂ ಬಿಡುವುದಿಲ್ಲ, ಕೂದಲು ಬಿಟ್ಟೀತೇ? ಎದುರಿನ ಪಾರ್ಲರಿನವಳು ಹತ್ತು ನಿಮಿಷ ಎಣ್ಣೆ ಹಚ್ಚಿ ತಿಕ್ಕಿ ಸೋತು, ಕತ್ತರಿ ತೆಗೆದಳು.

"ಕಣ್ಣು ಮುಚ್ಕೊಳಿ ಅಕ್ಕಾ."

"ಯಾಕೆ, ತಲೇನೇ ತೆಗೀತೀಯಾ? ಕತ್ತರ್ಸು ಅತ್ಲಾಗೆ!"

ಕಿವಿಯ ಕೆಳಗೆ ಎರಡು ಬೆರಳಿನಷ್ಟು ಉಳಿಯಿತು. ತಲೆ ಎಷ್ಟು ಹಗುರವಾಯಿತೆಂದರೆ ಎದ್ದು ನಿಂತಾಗ ಎಡವಿದರು. ಅಂಗಿಯೂ ಹಾಳಾಗಿತ್ತಲ್ಲ, ಮನೆಗೆ ಹೋಗಿ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡರು: ಬೇರೆ ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಬಿಟ್ಟುಹೋದ ಹಳದಿ ಜಾಕೆಟ್ಟು. ಕನ್ನಡಿಯಲ್ಲಿ ನೋಡಿಕೊಂಡರೆ ಯಾರೋ ಅಪರಿಚಿತಳು. ಅವಳಿಗೆ ಒಂದು ಕಣ್ಣು ಹೊಡೆದು, ಗಂಡನಿಗೆ ಫೋನು ಮಾಡಿದರು.

ಲಿಫ್ಟಣ್ಣ ಅವತ್ತು ಪೇಟೆಯ ಹೊಸ ಕಾಂಪ್ಲೆಕ್ಸಿನಲ್ಲಿದ್ದರು. ಹನ್ನೆರಡು ಮಹಡಿ, ಮುಂಭಾಗದ ನಡುವೆ ಗಾಜಿನ ಲಿಫ್ಟು. ಬಾಗಿಲಿನ ರಿಪೇರಿ ಆಗಷ್ಟೇ ಮುಗಿದಿತ್ತು. ಇನ್ನು ಮೇಲೆ ಕೆಳಗೆ ಓಡಿಸಿ ನೋಡುವುದು ಬಾಕಿ.

"ಬಾ. ತೂಕ ಬೇಕು," ಅಂದರು.

"ನನ್ನನ್ನ ಮೂಟೆ ಅಂತೀರಾ?"

"ಊರು ಕಾಣುತ್ತೆ. ಬಾ."

ಹೋದರು. ಹೆಂಡತಿಯನ್ನು ಕಂಡು ಲಿಫ್ಟಣ್ಣನ ಕೈಯಿಂದ ಸ್ಪ್ಯಾನರು ಜಾರಿತು. ಕಿವಿ ಕೆಂಪಾದವು. ಒಂದು ಸುತ್ತು ಹೋದರು, ಎರಡು ಸುತ್ತು ಹೋದರು. ಐದನೆಯ ಮಹಡಿ ದಾಟುತ್ತಲೇ ಹೆಂಚುಗಳು, ನೀರಿನ ಟ್ಯಾಂಕುಗಳು, ಒಗೆದು ಹಾಕಿದ ಬಟ್ಟೆಗಳು, ಆಚೆಗೆ ಸ್ಟೇಷನ್ನಿನ ಗಡಿಯಾರ. ಇಳಿಯುವಾಗ ಹೊಟ್ಟೆಯೊಳಗೆ ಕಚಗುಳಿ. ಸ್ಪ್ರಿಂಗಕ್ಕ ಸಣ್ಣ ಹುಡುಗಿಯ ಹಾಗೆ ಕಿರುಚಿ ನಕ್ಕರು. ಗಂಡನಿಗೂ ನಗೆ ಅಂಟಿತು. ಒಟ್ಟು ಹದಿನಾಲ್ಕು ಸುತ್ತು. ಹದಿನಾಲ್ಕನೆಯದರಲ್ಲಿ, ಹತ್ತಿರಹತ್ತಿರ ಒಂಬತ್ತನೆಯ ಮಹಡಿಯಲ್ಲಿ, ಗಂಡನ ಬೋಳು ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಡುನೆತ್ತಿಗೆ ಒಂದು ಮುತ್ತು ಕೊಟ್ಟರು.

ಗಾಜಿನ ಲಿಫ್ಟು ಅಂದಮೇಲೆ ಒಳಗಿನವರಿಗೆ ಊರು ಕಂಡಷ್ಟೇ ಊರಿಗೂ ಒಳಗಿನವರು ಕಾಣುತ್ತಾರೆ. ಇದು ಇಬ್ಬರಿಗೂ ಹೊಳೆಯಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮೊಟ್ಟಮೊದಲು ಫೋನು ಮಾಡಿದ್ದು ತಂಗಿ. ಹಲೋ ಕೂಡ ಹೇಳದೆ ಅಳತೊಡಗಿದಳು.

"ಅಕ್ಕಾ, ಧೈರ್ಯ ತಗೋ. ಕೂತಿದೀಯಾ? ಮೊದ್ಲು ಕೂತ್ಕೋ."

"ನಾನೆಲ್ಲಿ ಕೂರ್ತೀನೇ, ಸೋಫಾ ಹೊಟ್ಟೆ ತೆಗ್ದು ನಿಂತಿದೀನಿ. ಏನಾಯ್ತು?"

"ಭಾವ... ಭಾವ ಹಾಗಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಒಂದು ವೀಡಿಯೊ ಕಳ್ಸಿದೀನಿ. ನೋಡ್ಬೇಡ. ನೋಡು. ಅಯ್ಯೋ, ನೋಡ್ಬೇಡ!"

ನೋಡಿದರು. ಗಾಜಿನ ಲಿಫ್ಟು ನಿಧಾನಗತಿಯಲ್ಲಿ ಏರುತ್ತಿತ್ತು, ಹಿಂದೆ ದುಃಖದ ಪಿಟೀಲು. ಸಮವಸ್ತ್ರದ ಬೋಳುತಲೆಯ ಗಂಡಸು ಇತ್ತ ಮುಖ ಮಾಡಿ ನಗುತ್ತಿದ್ದಾನೆ. ಹಳದಿ ಜಾಕೆಟ್ಟಿನ, ಗಿಡ್ಡ ಕೂದಲಿನ ಹೆಂಗಸಿನ ಬೆನ್ನು ಮಾತ್ರ ಕಾಣುತ್ತದೆ. ಕೆಳಗೆ ದಪ್ಪ ಅಕ್ಷರ: "ಡ್ಯೂಟಿ ಟೈಮಲ್ಲಿ ಪ್ರೇಯಸಿ ಜೊತೆ ಹದಿನಾಲ್ಕು ಸುತ್ತು! ಇವನ ಕೈಯಲ್ಲಿ ಮದುವೆ ಉಂಗುರ ಇದೆ, ಅವಳ ಕೈಯಲ್ಲಿಲ್ಲ. ಪಾಪ, ಇವನ ಹೆಂಡ್ತಿಗೆ ತಲುಪೋವರೆಗೂ ಶೇರ್ ಮಾಡಿ." ಉಂಗುರ ಇಲ್ಲದೆ ಏನು, ಸ್ಪ್ರಿಂಗಿಗೆ ಸಿಕ್ಕಿ ಬೆರಳು ಹರಿದೀತೆಂದು ಸ್ಪ್ರಿಂಗಕ್ಕ ಅದನ್ನು ಸೂಜಿಯ ಡಬ್ಬಿಯಲ್ಲಿಟ್ಟು ವರ್ಷಗಳಾಗಿವೆ.

ಮೊದಲು ಅವರಿಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಬಾಯಲ್ಲಿದ್ದ ಮೊಳೆಗಳೆಲ್ಲ ಒಂದೊಂದಾಗಿ ನೆಲಕ್ಕೆ ಬಿದ್ದವು. ಇನ್ನೇನು ನಗು ಸಿಡಿಯಬೇಕು, ಅಷ್ಟರಲ್ಲಿ ಒಳಗಿನ ತುಂಟತನ ಬಾಯಿಗೆ ಕೈ ಅಡ್ಡ ಹಿಡಿಯಿತು.

"ಆ ಹೆಂಗಸು ಹೇಗಿದಾಳೆ ಕಣೇ ನೋಡೋಕೆ?" ಅಂದರು, ಸ್ವರ ಆದಷ್ಟು ಸಣ್ಣದು ಮಾಡಿ.

"ಎಲ್ಲಿ ಅಕ್ಕಾ, ನಿನ್ನ ಕಾಲಧೂಳಿಗೂ ಸಮ ಇಲ್ಲ."

"ಆದ್ರೂ. ವಯಸ್ಸೆಷ್ಟಿರಬಹುದು?"

ತಂಗಿ ತಡವರಿಸಿದಳು. "ಬೇಜಾರು ಮಾಡ್ಕೋಬೇಡ. ಮೂವತ್ತೈದು ಇರಬಹುದು. ಸಣ್ಣಗಿದಾಳೆ."

"ಮೂವತ್ತೈದಾ! ಸಣ್ಣಗಾ!"

"ಅಕ್ಕಾ, ಅಳ್ಬೇಡ..."

ಸ್ಪ್ರಿಂಗಕ್ಕ ಅಳುತ್ತಿರಲಿಲ್ಲ. ಸೋಫಾದ ಬಿಚ್ಚಿದ ಹೊಟ್ಟೆಯೊಳಗೆ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ನಗುತ್ತಿದ್ದರು.

ಎರಡನೆಯ ಫೋನು ಅಣ್ಣನ ಹೆಂಡತಿ, ಅತ್ತಿಗೆಯದು. "ನೋಡಮ್ಮಾ, ನಂಗೆ ಮದ್ವೆ ದಿನಾನೇ ಅನುಮಾನ ಇತ್ತು. ಮಾತಾಡದ ಗಂಡಸನ್ನ ನಂಬಬಾರ್ದು. ನಿಂತ ನೀರು ನೋಡು, ಒಳಗೆ ಪಾಚಿ." ಮೂರನೆಯದು ಹಿಂದೆಂದೋ ಕುರ್ಚಿ ಹೊಲಿಸಿಕೊಂಡಿದ್ದ ವಕೀಲರದು, ಒಳ್ಳೆಯ ಜೀವನಾಂಶ ಕೊಡಿಸುವುದಾಗಿ ಹೇಳಿದರು. ನಡುನಡುವೆ ಸ್ಪ್ರಿಂಗಕ್ಕ ವೀಡಿಯೊದ ಕೆಳಗಿನ ಮಾತುಗಳನ್ನು ಓದುತ್ತಿದ್ದರು. ಹನ್ನೊಂದು ಲಕ್ಷ ಜನ ನೋಡಿದ್ದರು. "ಹೆಂಡ್ತಿ ಮುಂದೆ ಯಾವ ಗಂಡಸು ಹೀಗೆ ನಗ್ತಾನೆ?" ಅಂತ ಒಬ್ಬ ಬರೆದಿದ್ದ. ಅದಕ್ಕೆ ನಲವತ್ತು ಸಾವಿರ ಜನ ಹೌದು ಹೌದು ಅಂದಿದ್ದರು. ಆ ಹೆಂಗಸು ಅವನ ಹೆಂಡತಿಯೇ ಇರಬಹುದು ಅಂತ ಹನ್ನೊಂದು ಲಕ್ಷದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರೇ ಎಲ್ಲ. ಆ ಮಾತುಗಳನ್ನು ಓದಿದಾಗ ನಗುವಿನ ನಡುವೆ ಎಲ್ಲೋ ಒಂದು ಸಣ್ಣ ಮೊಳೆ ಚುಚ್ಚಿತು ಅಂತ ಅವರೇ ನನಗೆ ಹೇಳಿದರು.

ನಾಲ್ಕನೆಯ ಫೋನು ಮಗಳದು.

"ಅಮ್ಮಾ!" ಮಗಳ ಸ್ವರ ನಡುಗುತ್ತಿತ್ತು, ದುಃಖದಿಂದಲ್ಲ, ಸಿಟ್ಟಿನಿಂದ. "ಅಪ್ಪ ಆ ಹೆಂಗಸಿಗೆ ನನ್ನ ಜಾಕೆಟ್ ಕೊಟ್ಟಿದಾರೆ!"

ಇಷ್ಟಾದ ಮೇಲೆ ತಡೆಯಲಾಗಲಿಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ವೀಡಿಯೊ ಕಾಲ್ ಹಚ್ಚಿ ತಲೆಯನ್ನು ಅತ್ತ ಇತ್ತ ತಿರುಗಿಸಿ ತೋರಿಸಿದರು. ಆ ಕಡೆ ಮಗಳು ಲ್ಯಾಬಿನ ನೆಲದ ಮೇಲೇ ಕೂತಳು.

"ಅಮ್ಮಾ, ನಾನೂ ಗುರ್ತು ಹಿಡೀಲಿಲ್ವಲ್ಲ," ಅಂದಳು.

"ಹೋಗ್ಲಿ ಬಿಡು, ಬೆನ್ನು ತಾನೆ."

"ಅಪ್ಪ ಎಲ್ಲಿ? ಅಪ್ಪಂಗೆ ಗೊತ್ತಾ?"

ಸ್ಪ್ರಿಂಗಕ್ಕನ ನಗು ಅಲ್ಲಿಗೆ ಗಕ್ಕನೆ ನಿಂತಿತು. ಎರಡು ಗಂಟೆಯಿಂದ ತಮಾಷೆ ನೋಡುತ್ತ ಇದೊಂದು ಪ್ರಶ್ನೆಯನ್ನೇ ಮರೆತಿದ್ದರು.

ಉತ್ತರ ತಾನಾಗಿ ಬಾಗಿಲಿಗೆ ಬಂತು. ಕೆಲಸದ ಹೊತ್ತಿನಲ್ಲಿ ಎಂದೂ ಮನೆಗೆ ಬಾರದ ಲಿಫ್ಟಣ್ಣ ಉಪಕರಣದ ಚೀಲವನ್ನು ಎದೆಗೆ ಒತ್ತಿಕೊಂಡು ಶೆಡ್ಡಿನ ಹೊಸ್ತಿಲಲ್ಲಿ ನಿಂತಿದ್ದರು. ಆ ದಿನದ ಕಟ್ಟಡದಲ್ಲಿ ಮೂವರು ಹೆಂಗಸರು ಅವರಿದ್ದ ಲಿಫ್ಟಿಗೆ ಹತ್ತಲು ಒಪ್ಪಲಿಲ್ಲ. ಒಬ್ಬಾತ ಮುಖದೆದುರು ಫೋನು ಹಿಡಿದು "ಏನಂಕಲ್, ಇವತ್ತು ಎಷ್ಟು ಸುತ್ತು?" ಅಂದ. ಹನ್ನೊಂದೂವರೆಗೆ ಸೂಪರ್‌ವೈಸರು ಕರೆದು, ವಿಚಾರಣೆ ಮುಗಿಯುವ ತನಕ ಮನೆಯಲ್ಲಿರಿ ಅಂದರು. ಇವರು ಹೇಳಲು ಹೋದರಂತೆ, "ಅದು ನನ್ನ..." ಅಂತ. ಸೂಪರ್‌ವೈಸರು ಕೈ ಅಡ್ಡ ಹಿಡಿದು, "ನಿಮ್ಮ ಸ್ವಂತ ವಿಷ್ಯ ನಂಗೆ ಬೇಡ," ಅಂದುಬಿಟ್ಟರಂತೆ.

"ನನ್ನ ಹೆಂಡ್ತಿ ಅಂತ ಜೋರಾಗಿ ಕೂಗೋದಲ್ವೇನ್ರಿ!"

"ಕೂಗೋದಾ? ನಾನಾ?" ಅಂದರು ಲಿಫ್ಟಣ್ಣ.

ಸ್ಪ್ರಿಂಗಕ್ಕನಿಗೆ ತಮ್ಮ ಮೇಲೇ ಕೋಪ ಬಂತು. ತಾವಿಲ್ಲಿ ಮೂವತ್ತೈದಂತೆ, ಸಣ್ಣಗಂತೆ ಅಂತ ಹಿಗ್ಗಿ ಹೀರೇಕಾಯಿ ಆಗುತ್ತಿದ್ದ ಹೊತ್ತಿನಲ್ಲಿ ಈ ಮನುಷ್ಯ ಅಲ್ಲಿ ಒಬ್ಬನೇ ತಲೆ ತಗ್ಗಿಸಿ ನಿಂತಿದ್ದ. ಗಂಡನನ್ನು ಸ್ಪ್ರಿಂಗು ಕಿತ್ತ ಸೋಫಾದ ಅಂಚಿನ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ನಡೆದದ್ದನ್ನು ಹೇಳಿ ತಪ್ಪಾಯಿತು ಅಂದರು. ಲಿಫ್ಟಣ್ಣ ಎಲ್ಲ ಕೇಳಿ, ಫೋನು ಇಸಿದುಕೊಂಡು ವೀಡಿಯೊ ಎರಡು ಸಲ ನೋಡಿದರು.

"ಮೂವತ್ತೈದು ಅಂದ್ಳಾ?" ಅಂತ ಕೇಳಿ, ಹೆಂಡತಿಯನ್ನು ಒಮ್ಮೆ ಓರೆಗಣ್ಣಲ್ಲಿ ನೋಡಿ, "ಹೂಂ. ಬೆನ್ನು ಇರಬಹುದು," ಅಂದರು. ಆಗ ಇಬ್ಬರೂ ನಕ್ಕ ರಭಸಕ್ಕೆ ಸೋಫಾದ ಅಂಚು ಮುರಿಯಿತು. ಅದು ಗಿರಾಕಿಯ ಸೋಫಾ. ಹೊಸ ಮರ ಹಾಕಬೇಕಾಯಿತು.

ಮಗಳು ಅಮ್ಮನಿಂದ ಫೋಟೊಗಳನ್ನು ತರಿಸಿಕೊಂಡು ಅಂದು ಸಂಜೆಯೇ ಇನ್ನೊಂದು ವೀಡಿಯೊ ಹಾಕಿದಳು. ಗೋಂದು ಹತ್ತಿದ ಜಡೆ, ಗಿಡ್ಡ ಕೂದಲಿನ ಅಮ್ಮ, ಕಿವಿ ಕೆಂಪಾದ ಅಪ್ಪ, ಹಳದಿ ಜಾಕೆಟ್ಟು. "ಪ್ರೇಯಸಿ ಇವರೇ. ಇಪ್ಪತ್ತೆಂಟು ವರ್ಷದಿಂದ," ಅಂತ ಒಂದು ಸಾಲು. ಅದನ್ನು ಹನ್ನೊಂದಲ್ಲ, ನಲವತ್ತು ಲಕ್ಷ ಜನ ನೋಡಿದರು. ಶುಕ್ರವಾರ ಬೆಳಿಗ್ಗೆ ಸೂಪರ್‌ವೈಸರು ತಾವೇ ಫೋನು ಮಾಡಿ, ಕೆಲಸಕ್ಕೆ ಬನ್ನಿ, ಯಾವಾಗ ಬೇಕಾದರೂ ಬನ್ನಿ ಅಂದರು. ತಂಗಿ ನಾಚಿಕೆಯಿಂದ ಅತ್ತಳು. ಅತ್ತಿಗೆ ಮಾತ್ರ, "ನಂಗೆ ಮದ್ವೆ ದಿನಾನೇ ಗೊತ್ತಿತ್ತು, ಒಳ್ಳೇ ಮನುಷ್ಯ ಅಂತ," ಅಂದರು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ನಲವತ್ತು ಲಕ್ಷ ಜನಕ್ಕೆ ಈಗ ಕೈ ತುರಿಸುತ್ತಿತ್ತು. ಮೊದಲ ವೀಡಿಯೊ ತೆಗೆದವರು ಯಾರು ಅಂತ ಹುಡುಕಿದರು. ಅದೇ ಕಾಂಪ್ಲೆಕ್ಸಿನ ಎರಡನೆಯ ಮಹಡಿಯ ಸೆಂಟಿನ ಅಂಗಡಿಯಲ್ಲಿ ನಿಲ್ಲುವ ಹುಡುಗಿ. ಅವಳ ಹೆಸರು, ಫೋಟೊ, ಮನೆಯ ಬೀದಿ, ಅಮ್ಮನ ಫೋನ್ ನಂಬರು ಎಲ್ಲ ಅರ್ಧ ದಿನದಲ್ಲಿ ಬಯಲಾಯಿತು. ಬಿದ್ದವರ ಮೇಲೆ ಆಳಿಗೊಂದು ಕಲ್ಲು. ನಿನ್ನೆ ಲಿಫ್ಟಣ್ಣನನ್ನು ಬೈದವರೇ ಇಂದು ಅದೇ ಬೈಗುಳವನ್ನು ಇವಳಿಗೆ ತಿರುಗಿಸಿದ್ದರು, ಲಿಂಗ ಮಾತ್ರ ಬದಲು. ಅಂಗಡಿಯವರು ಅವಳನ್ನು ಕೆಲಸದಿಂದ ತೆಗೆದರು. "ಸ್ಪ್ರಿಂಗಕ್ಕಾ, ಬಿಡಬೇಡಿ ಅವಳನ್ನ!" ಅಂತ ಮಗಳ ವೀಡಿಯೊದ ಕೆಳಗೆ ಸಾವಿರ ಜನ ಬರೆದರು.

ಆ ಸಾವಿರದ ನಡುವೆ ಬೇರೆ ಥರದ ಒಂದು ಸಂದೇಶವಿತ್ತು. ಯಾರೋ ಗೊತ್ತಿಲ್ಲದ ಹೆಂಗಸು. "ನಿಮ್ಮದು ಸುಳ್ಳು ಅಂತ ಗೊತ್ತಾಗಿ ಎಲ್ಲರೂ ಕ್ಷಮೆ ಕೇಳ್ತಿದಾರೆ, ಸಂತೋಷ. ನಂದು ನಿಜ ಇತ್ತು. ತಪ್ಪು ನಂದೇ. ವೀಡಿಯೊ ಬಂದು ಮೂರು ವರ್ಷ ಆಯ್ತು. ಈಗ್ಲೂ ಬಸ್ಸಲ್ಲಿ ಕೊನೇ ಸೀಟಲ್ಲಿ ಮುಖ ಮುಚ್ಕೊಂಡು ಕೂರ್ತೀನಿ. ನನ್ನ ಹತ್ರ ಯಾರು ಕೇಳ್ತಾರೆ?"

ಸ್ಪ್ರಿಂಗಕ್ಕ ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿ, ಅದನ್ನು ಮೂರು ಸಲ ಓದಿದರು. ಕೊನೆಗೆ "ನಾನು ಕೇಳ್ತೀನಿ" ಅಂತ ಬರೆದರು. ಕ್ಷಮೆ ಕೇಳುವುದೋ, ಕತೆ ಕೇಳುವುದೋ ಅವರಿಗೇ ಸ್ಪಷ್ಟವಿರಲಿಲ್ಲ. ಆ ಹೆಂಗಸು ಮಾತ್ರ ತಕ್ಷಣ ಉತ್ತರಿಸಿದಳು, ಬಹಳ ಉದ್ದಕ್ಕೆ. ಅದರಲ್ಲೇನಿತ್ತೆಂದು ಸ್ಪ್ರಿಂಗಕ್ಕ ಗಂಡನಿಗೂ ಹೇಳಿಲ್ಲ.

ಶನಿವಾರ ಮಧ್ಯಾಹ್ನ ಆ ಸೆಂಟಿನ ಹುಡುಗಿ ತಾನಾಗಿ ಶೆಡ್ಡಿಗೆ ಬಂದಳು. ಇಪ್ಪತ್ತಮೂರಿರಬೇಕು. ಮುಖಕ್ಕೆ ಮಾಸ್ಕು, ತಲೆಯ ಮೇಲೆ ಟೋಪಿ, ಕಣ್ಣು ಊದಿದ್ದವು. ಶನಿವಾರದ ಅರ್ಧ ದಿನದ ಕೆಲಸ ಮುಗಿಸಿ ಊಟಕ್ಕೆ ಬಂದಿದ್ದ ಲಿಫ್ಟಣ್ಣ ಅಲ್ಲೇ ಇದ್ದರು. ಅವರನ್ನು ಕಂಡು ಇನ್ನಷ್ಟು ಕುಗ್ಗಿದಳು.

"ಆಂಟಿ, ಬೈಯಿರಿ. ಹೊಡೀರಿ ಬೇಕಾದ್ರೆ."

"ಹೊಡೆಯೋಕೆ ಸುತ್ತಿಗೆ ಬಿಟ್ರೆ ಬೇರೇನಿಲ್ಲ ನನ್ನ ಹತ್ರ. ಕೂತ್ಕೋ. ಅಲ್ಲಲ್ಲ, ಅಲ್ಲಿ ಸೂಜಿ ಇದೆ. ಇಲ್ಲಿ."

ಟೀ ಕೊಟ್ಟರು. ಹುಡುಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು: ಅವಳ ಅಕ್ಕನ ಗಂಡ ಆರು ವರ್ಷ ಇನ್ನೊಂದು ಸಂಬಂಧ ಇಟ್ಟುಕೊಂಡಿದ್ದ. ಬೀದಿಗೆಲ್ಲ ಗೊತ್ತಿತ್ತು, ಹಾಲಿನವನಿಗೂ ಗೊತ್ತಿತ್ತು. ಅಕ್ಕನಿಗೊಬ್ಬಳಿಗೆ ಯಾರೂ ಹೇಳಲಿಲ್ಲ. "ಗೊತ್ತಾದ್ಮೇಲೆ ಅಕ್ಕ ಅತ್ತಿದ್ದು ಭಾವ ಮೋಸ ಮಾಡಿದ್ದಕ್ಕಲ್ಲ ಆಂಟಿ. ನೀವೆಲ್ಲ ನೋಡ್ಕೊಂಡು ಸುಮ್ನಿದ್ರಲ್ಲ ಅಂತ. ಅದಕ್ಕೇ ಅವತ್ತು ನಂಗೆ... ಉಂಗುರ ಕಾಣಿಸ್ತು, ಹೇಳ್ಬೇಕು ಅನ್ನಿಸ್ತು."

ಸ್ಪ್ರಿಂಗಕ್ಕ ಅವಳ ಲೋಟಕ್ಕೆ ಇನ್ನಷ್ಟು ಟೀ ಸುರಿದರು. ಹುಡುಗಿ ಹೇಳಿದ್ದರಲ್ಲಿ ಸತ್ಯವಿತ್ತು.

"ಹೇಳ್ಬೇಕಿತ್ತು, ನಿಜ," ಅಂದರು. "ನಿಮ್ಮಕ್ಕನ ಕಿವೀಲಿ. ಊರ ಕಿವೀಲಿ ಹೇಳಿದ್ರೆ ಅವಳಿಗೇನು ಬಂತು? ನಂದೇ ನೋಡು. ಹನ್ನೊಂದು ಲಕ್ಷ ಜನಕ್ಕೆ ಗೊತ್ತಾದ್ಮೇಲೆ ನಂಗೆ ಗೊತ್ತಾಗಿದ್ದು. ಹೆಂಡ್ತೀನೇ ಕೊನೇಲಿ!"

"ಆದ್ರೆ ಅದು ನೀವೇ ಅಂತ ನಂಗೆ ಗೊತ್ತಿದ್ದಿದ್ರೆ..."

"ಏ, ಅದೇ ಮಾತು ಎಲ್ರೂ ಹೇಳ್ತಾರೆ. ನಾನೇ ಆಗಿದ್ದಕ್ಕೆ ತಪ್ಪು, ಬೇರೆಯವಳಾಗಿದ್ರೆ ಸರೀನಾ? ಅವಳ ಕಾಲು ಹಾಗೆ, ಸೊಂಟ ಹೀಗೆ ಅಂತ ಬರ್ದಿದ್ರಲ್ಲ, ಅವಳಿಗೂ ಒಬ್ಳು ಅಮ್ಮ ಇರ್ತಿದ್ಳು, ಓದೋಕೆ."

ಹುಡುಗಿ ಅಳತೊಡಗಿದಳು. ಅಷ್ಟರಲ್ಲಿ ಲಿಫ್ಟಣ್ಣನ ಫೋನು ಹೊಡೆದುಕೊಂಡಿತು. ಅವರು ಕೇಳಿಸಿಕೊಂಡರು, "ಎಷ್ಟು ಜನ?" ಅಂದರು, "ಬಂದೆ" ಅಂದರು. ಫೋನು ಇಟ್ಟು ಹೆಂಡತಿಯ ಕಡೆ ತಿರುಗಿ ತಮ್ಮ ಮಟ್ಟಿಗೆ ಒಂದು ಭಾಷಣವನ್ನೇ ಮಾಡಿದರು:

"ಗಾಜಿನ ಲಿಫ್ಟು ನಿಂತಿದೆ. ಎಂಟು ಜನದ್ದು, ಹದಿನೈದು ಹತ್ತಿದಾರೆ. ಎಲ್ಲ ಜೋಡಿಗಳು. ಹದಿನಾಲ್ಕು ಸುತ್ತು ಹೊಡೀಬೇಕಂತೆ. ಒಳಗೆ ಒಬ್ಬ ಚಾನೆಲ್‌ನವನಿದಾನೆ. ಹೊರಗೆ ಎಲ್ಲ ಮಹಡೀಲೂ ಫೋನು ಹಿಡ್ದು ನಿಂತಿದಾರೆ." ಉಪಕರಣದ ಚೀಲ ಹೆಗಲಿಗೆ ಹಾಕಿ, "ದೊಡ್ಡ ಬಟ್ಟೆ ಇದ್ರೆ ತಗೋ," ಅಂದರು.

ಸ್ಪ್ರಿಂಗಕ್ಕ ಗೋಡೆಗೆ ಒರಗಿದ್ದ ಹಸಿರು ವೆಲ್ವೆಟ್ಟಿನ ಸುರುಳಿಯನ್ನು ಹೆಗಲಿಗೇರಿಸಿದರು. ಒಂದು ತುದಿ ಬಾಗಿತು. ಹಿಂದೆ ತಿರುಗಿ, "ಏ ಹುಡುಗಿ, ಆ ಕಡೆ ಹಿಡ್ಕೋ!" ಅಂದರು.

"ನಾನಾ? ಅಲ್ಲಿಗಾ? ಆಂಟಿ, ನನ್ನ ಮುಖ ನೋಡಿದ್ರೆ..."

"ಬಟ್ಟೆ ಹಿಡಿದೋರ ಮುಖ ಯಾರು ನೋಡ್ತಾರೆ? ನಡಿ!"

ಮೂವರೂ ಬೀದಿಯಲ್ಲಿ ಹಸಿರು ವೆಲ್ವೆಟ್ಟು ಹೊತ್ತು ಓಡಿದ್ದನ್ನು ನಾನೇ ಕಂಡೆ. ಮುಂದೆ ಲಿಫ್ಟಣ್ಣ, ನಡುವೆ ಸ್ಪ್ರಿಂಗಕ್ಕ, ಹಿಂದೆ ಮಾಸ್ಕಿನ ಹುಡುಗಿ. ಯಾವುದೋ ದೊಡ್ಡ ಹಾವನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ಹಾಗಿತ್ತು.

ಲಿಫ್ಟು ಮೂರು ಮತ್ತು ನಾಲ್ಕನೆಯ ಮಹಡಿಯ ನಡುವೆ ನೇತಾಡುತ್ತಿತ್ತು. ಒಳಗೆ ಉಪ್ಪಿನಕಾಯಿ ಜಾಡಿಯ ಹಾಗೆ ಜನ. ಗಾಜಿಗೆ ಮೂಗು ಒತ್ತಿಹೋದವರು, ನಗುವವರು, ಜಗಳಕ್ಕೆ ಬಿದ್ದವರು. ಚಾನೆಲ್‌ನವನು ಆ ಇಕ್ಕಟ್ಟಿನಲ್ಲೂ ಕ್ಯಾಮೆರಾ ಎತ್ತಿ ಹಿಡಿದು ಒಬ್ಬೊಬ್ಬರನ್ನೂ ಕೇಳುತ್ತಿದ್ದ: "ನೀವು ಗಂಡ ಹೆಂಡ್ತೀನಾ? ನೀವು? ಲೈವ್ ಹೋಗ್ತಿದೆ, ಇತ್ಲಾಗೆ ನೋಡಿ!" ಮೂಲೆಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಮಾತ್ರ ಇತ್ತ ನೋಡುತ್ತಿರಲಿಲ್ಲ. ಹೆಂಗಸು ಬಾಗಿಲಿಗೆ ಹಣೆ ಒತ್ತಿ, ಕೈಯಲ್ಲಿ ಮುಖ ಮುಚ್ಚಿ ನಿಂತಿದ್ದಳು. ಗಂಡಸು ಬಾಗಿ ಶೂವಿನ ದಾರ ಕಟ್ಟುತ್ತಿದ್ದ, ಇಪ್ಪತ್ತು ನಿಮಿಷದಿಂದ.

ಲಿಫ್ಟಣ್ಣ ಮೇಲಿನ ಮೋಟಾರು ಕೋಣೆಗೆ ಹತ್ತಿದರು. ಲಿಫ್ಟಿನೊಳಗಿನ ಫೋನಿಗೆ ಕರೆ ಮಾಡಿ ಹೇಳಿದರು: "ಮೊದ್ಲು ಕ್ಯಾಮೆರಾ ಆರಿಸಿ. ಫೋನೂ. ಎಲ್ರೂ."

"ಯಾಕೆ ಸಾರ್?" ಅಂದ ಚಾನೆಲ್‌ನವನು.

"ಸೇಫ್ಟಿ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

ಲಿಫ್ಟಣ್ಣ ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಮೊದಲ ಬಾರಿಗೆ ತಮ್ಮ ಕಸುಬಿನ ವಿಷಯದಲ್ಲಿ ಸುಳ್ಳು ಹೇಳಿದರು. "ಕ್ಯಾಮೆರಾ ಆನ್ ಇದ್ರೆ ಕೇಬಲ್ ಬಿಸಿ ಆಗುತ್ತೆ."

ಒಳಗೆ ಒಮ್ಮೆಗೇ ಗದ್ದಲ. ಹದಿನಾಲ್ಕು ಜನ ಸೇರಿ ಚಾನೆಲ್‌ನವನ ಕ್ಯಾಮೆರಾ ಕಸಿದುಕೊಂಡರು. ಮೂರು ಸೆಕೆಂಡಿನಲ್ಲಿ ಎಲ್ಲ ಫೋನೂ ಜೇಬಿನೊಳಗೆ.

ಲಿಫ್ಟಣ್ಣ ಮೇಲಿನಿಂದ ಬ್ರೇಕನ್ನು ಕೈಯಲ್ಲಿ ಸಡಿಲಿಸುತ್ತ ಲಿಫ್ಟನ್ನು ಗೇಣು ಗೇಣಾಗಿ ಮೂರನೆಯ ಮಹಡಿಗೆ ಇಳಿಸಿದರು. ಅಲ್ಲಿ ಬಾಗಿಲೆದುರು ನೂರು ಜನ ಫೋನು ಎತ್ತಿ ಕಾಯುತ್ತಿದ್ದರು. ಬಾಗಿಲು ತೆರೆಯುವ ಮುಂಚೆ ಸ್ಪ್ರಿಂಗಕ್ಕ ಒಂದು ಕುರ್ಚಿ ಹತ್ತಿ, ಹುಡುಗಿ ಇನ್ನೊಂದು ಹತ್ತಿ, ಹಸಿರು ವೆಲ್ವೆಟ್ಟನ್ನು ಬಾಗಿಲಿನಿಂದ ಮೆಟ್ಟಿಲಿನವರೆಗೆ ಗೋಡೆಯ ಹಾಗೆ ಎತ್ತಿ ಹಿಡಿದರು. ಜನ ಕೂಗಿದರು. "ಬಟ್ಟೆ ಇಳಿಸಿ! ನಾವು ಅರ್ಧ ಗಂಟೆಯಿಂದ ಕಾಯ್ತಿದೀವಿ!"

"ನಾನು ಈ ಬಟ್ಟೇನ ನಾಲ್ಕು ತಿಂಗಳು ಕಾದು ತರಿಸಿದ್ದು!" ಅಂತ ಸ್ಪ್ರಿಂಗಕ್ಕ ತಿರುಗಿ ಕೂಗಿದರು. "ಮುಟ್ಟಿದ್ರೆ ನಿಮ್ಮ ಮನೆ ಸೋಫಾಕ್ಕೇ ಹಾಕಿ ಬಿಲ್ಲು ಕಳಿಸ್ತೀನಿ!"

ಜನ ನಕ್ಕರು. ನಗುವವರ ಕೈಯಲ್ಲಿ ಫೋನು ಅಷ್ಟು ಬಿಗಿಯಾಗಿ ನಿಲ್ಲುವುದಿಲ್ಲ. ಬಟ್ಟೆಯ ಆಚೆಗೆ ಒಬ್ಬೊಬ್ಬರಾಗಿ ಇಳಿದು ಮೆಟ್ಟಿಲ ಕಡೆ ಹೋದರು. ಮೂಲೆಯ ಗಂಡಸು ಮತ್ತು ಹೆಂಗಸು ಕೊನೆಯಲ್ಲಿ ಇಳಿದರು, ಒಬ್ಬರು ಮೇಲಿನ ಮೆಟ್ಟಿಲಿಗೆ, ಒಬ್ಬರು ಕೆಳಗಿನ ಮೆಟ್ಟಿಲಿಗೆ. ಹಾದುಹೋಗುವಾಗ ಹೆಂಗಸು ಬಟ್ಟೆಯ ಅಂಚನ್ನು ಒಮ್ಮೆ ಬಿಗಿಯಾಗಿ ಹಿಡಿದು ಬಿಟ್ಟಳು. ಹುಡುಗಿಯ ತೋಳು ಸೋತಿತ್ತು, ಆದರೆ ಬಟ್ಟೆ ಒಂದಿಂಚೂ ಇಳಿಯಲಿಲ್ಲ.

ಆ ಇಬ್ಬರು ಯಾರು, ಗಂಡ ಹೆಂಡಿರೋ, ಅಲ್ಲವೋ, ಅಂತ ನಾನು ಆಮೇಲೆ ಸ್ಪ್ರಿಂಗಕ್ಕನನ್ನು ಕೇಳಿದೆ. ಕೇಳಿದ ಮೇಲೆ ನನಗೇ ನಾಚಿಕೆಯಾಯಿತು. ಅವರು ತೋಳಿಗೆ ನೋವಿನೆಣ್ಣೆ ತಿಕ್ಕುತ್ತ, "ನಂಗೇನು ಗೊತ್ತು? ವೆಲ್ವೆಟ್ಟು ಎಷ್ಟು ಭಾರ ಇತ್ತು ಗೊತ್ತಾ!" ಅಂದರು.

ಹುಡುಗಿಯ ಮೇಲಿನ ಬೈಗುಳ ಎರಡು ವಾರದಲ್ಲಿ ತಣ್ಣಗಾಯಿತು. ಜನಕ್ಕೆ ಬೇರೆ ಯಾರೋ ಸಿಕ್ಕಿದ್ದರು. ಹಳೆಯ ಅಂಗಡಿಗೆ ಸ್ಪ್ರಿಂಗಕ್ಕ ಎರಡು ಸಲ ಹೋಗಿ ಮಾತಾಡಿದರೂ ಅವರು ಒಪ್ಪಲಿಲ್ಲ. ಹುಡುಗಿ ಈಗ ಸ್ಟೇಷನ್ನಿನ ಹತ್ತಿರ ಇನ್ನೊಂದು ಸೆಂಟಿನ ಅಂಗಡಿಯಲ್ಲಿದ್ದಾಳೆ. ಅವಳ ಪುಟದಲ್ಲಿ ಈಗ ಬರೀ ಬೆಕ್ಕುಗಳ ವೀಡಿಯೊ. ಸ್ಪ್ರಿಂಗಕ್ಕ ಕೂದಲು ಮತ್ತೆ ಬೆಳೆಸಲಿಲ್ಲ. ಆ ಗೊತ್ತಿಲ್ಲದ ಹೆಂಗಸಿನ ಸಂದೇಶ ವಾರಕ್ಕೊಮ್ಮೆ ಬರುತ್ತದೆ, ಇವರು ವಾರಕ್ಕೊಮ್ಮೆ ಬರೆಯುತ್ತಾರೆ.

ಇನ್ನು ಕಾಂಪ್ಲೆಕ್ಸಿನ ಮ್ಯಾನೇಜರು ನಡೆದದ್ದನ್ನೆಲ್ಲ ಕೇಳಿ ಗಾಬರಿಯಾಗಿ, ಗಾಜಿನ ಲಿಫ್ಟಿನಲ್ಲಿ ಒಂದು ಹಿತ್ತಾಳೆಯ ಫಲಕ ಹಾಕಿಸಿದರು: "ಒಳಗೆ ವೀಡಿಯೊ ತೆಗೆಯಬಾರದು. ಕೇಬಲ್ ಬಿಸಿಯಾಗುತ್ತದೆ." ಅದನ್ನು ಕಂಡು ಪಕ್ಕದ ಬ್ಯಾಂಕಿನವರು ಹಾಕಿಸಿದರು. ಆಮೇಲೆ ಆಸ್ಪತ್ರೆಯವರು. ಹೋದ ವಾರ ಎಂಜಿನಿಯರಿಂಗ್ ಕಾಲೇಜಿನವರೇ ಹಾಕಿಸಿದರಂತೆ. ಪ್ರತಿ ಸಲವೂ ಫಲಕ ಜೋಡಿಸಲು ಹೋಗುವವರು ಲಿಫ್ಟಣ್ಣನೇ. ನಾಲ್ಕೂ ಮೂಲೆಯ ಸ್ಕ್ರೂ ಬಿಗಿ ಮಾಡಿ, ಎರಡು ಹೆಜ್ಜೆ ಹಿಂದೆ ನಿಂತು, ಫಲಕ ನೇರ ಇದೆಯೋ ಅಂತ ನೋಡಿ, ಗಂಭೀರವಾಗಿ ತಲೆಯಾಡಿಸಿ ಬರುತ್ತಾರೆ. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಗಂಡ ಹೆಂಡತಿ ನಗುವುದು ಮೂರು ಮನೆ ಆಚೆಗೂ ಕೇಳುತ್ತದೆ.